ಅಂಗಡಿಯಲ್ಲಿ ಗುಡುಗಿದ ಬೇಸ್ ಬ್ಯಾಂಡಿನಲ್ಲಿ ಎಲ್ಲಿ ಹೋಯಿತು?

ಬೇಸ್ ಗಿಟಾರ್ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು. ಗೋಡೆಗೆ ನೇತುಹಾಕಿದ್ದರಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನು ಇಳಿಸಿಕೊಂಡು, ಪಕ್ಕದ ಆಂಪ್‌ಗೆ ವೈರು ಚುಚ್ಚಿ, ಅತಿ ದಪ್ಪ ತಂತಿಯನ್ನು ಮೀಟುತ್ತಾರೆ. ಸದ್ದು ಎದೆಗೆ ಬಂದು ಗುದ್ದಿದರೆ ಮುಖ ಅರಳುತ್ತದೆ. ಆಂಪ್‌ನ ‘ಬೇಸ್’ ಗುಂಡಿಯನ್ನು ಇನ್ನಷ್ಟು ಏರಿಸಿ, ‘ಮಿಡ್’ ಗುಂಡಿಯನ್ನು ಇಳಿಸಿ ಮತ್ತೊಮ್ಮೆ ಮೀಟಿದರೆ ಅಂಗಡಿಯ ಗಾಜೇ ನಡುಗುತ್ತದೆ. ಅಲ್ಲಿಗೆ ವ್ಯಾಪಾರ ಕುದುರಿತು. ಮುಂದಿನ ವಾರ ಡ್ರಮ್ಸ್, ಎರಡು ಗಿಟಾರು, ಒಂದು ಕೀಬೋರ್ಡಿನ ನಡುವೆ ನಿಂತು ನುಡಿಸಿದರೆ ಅದೇ ವಾದ್ಯ ಇದೆಯೋ ಇಲ್ಲವೋ ಎಂಬಂತಾಗುತ್ತದೆ. ವಾಲ್ಯೂಮ್ ಏರಿಸಿದರೆ ನೆಲ ಅದುರುತ್ತದೆಯೇ ಹೊರತು ಯಾವ ಸ್ವರ ನುಡಿಯುತ್ತಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಆಂಪ್ ಸಣ್ಣದಾಯಿತು ಎಂಬ ತೀರ್ಮಾನಕ್ಕೆ ಬಂದು, ಇನ್ನೂ ದೊಡ್ಡದಕ್ಕೆ ದುಡ್ಡು ಹೊಂದಿಸುವ ಓಡಾಟ ಶುರುವಾಗುವುದು ಆಗಲೇ.

ಎಷ್ಟೋ ಸಲ ಆಂಪ್ ನಿರಪರಾಧಿ. ಒಬ್ಬರೇ ಕೂತು ನುಡಿಸುವಾಗ ಸುಖ ಕೊಡುವ ನಾದವೇ ಬೇರೆ, ಐದು ಜನರ ಗದ್ದಲದ ಮಧ್ಯೆ ತನ್ನ ಜಾಗ ಹಿಡಿದು ನಿಲ್ಲುವ ನಾದವೇ ಬೇರೆ. ಬ್ಯಾಂಡಿಗೆಂದು ಕೊಳ್ಳುವವರು ಹುಡುಕಬೇಕಾದ್ದು ಎರಡನೆಯದನ್ನು. ಅದು ಅಂಗಡಿಯಲ್ಲಿ ಕೊಂಚ ಒರಟಾಗಿ, ಮೂಗಿನಿಂದ ಬಂದಂತೆಯೂ ಕೇಳಿಸಬಹುದು. ಆ ಮೂಗಿನ ದನಿಯೇ ಮುಂದೆ ವೇದಿಕೆಯಲ್ಲಿ ಕೈಹಿಡಿಯುತ್ತದೆ. ಯಾಕೆ ಹಾಗೆ ಎಂಬುದನ್ನು ತಿಳಿಯಲು ನಮ್ಮ ಕಿವಿಯ ಸ್ವಭಾವವನ್ನು ನೋಡಬೇಕು.

ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ‘ಇ’. ಆ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ಕೆಳಗಿನ ‘ಇ’ ಇದರ ದುಪ್ಪಟ್ಟು, ಸುಮಾರು 82. ಮನುಷ್ಯನ ಕಿವಿ ಇಷ್ಟು ಕೆಳಗಿನ ಕಂಪನಗಳ ವಿಷಯದಲ್ಲಿ ಬಹಳ ಮಂದ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸಾಧಾರಣ ಮಟ್ಟದ ಸದ್ದಿನಲ್ಲಿ 1,000 ಹರ್ಟ್ಜ್‌ನ ನಾದದಷ್ಟೇ ಜೋರಾಗಿ 40 ಹರ್ಟ್ಜ್‌ನ ನಾದವೂ ಕೇಳಿಸಬೇಕಾದರೆ ಅದಕ್ಕೆ 20 ಡೆಸಿಬೆಲ್‌ಗಿಂತ ಹೆಚ್ಚಿನ ಬಲ ಬೇಕು. 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಹಾಗಾದರೆ ಬೇಸ್ ನಮಗೆ ಕೇಳಿಸುವುದಾದರೂ ಹೇಗೆ? ತಂಬೂರಿಯ ಬಳಿ ಕೂತವರಿಗೆ ಉತ್ತರ ಗೊತ್ತು. ಮಂದ್ರ ಷಡ್ಜದ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ತಾನಾಗಿ ಕೇಳಿಬರುತ್ತದಲ್ಲ, ಒಂದು ತಂತಿಯಲ್ಲಿ ಮೂಲ ಕಂಪನದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಕಂಪನಗಳೂ ಇರುವುದರಿಂದ ಆಗುವುದದು. ಬೇಸ್‌ನ ‘ಇ’ ತಂತಿಯಲ್ಲಿಯೂ 82, 124, 165 ಎಂದು ಮೇಲಕ್ಕೆ ಏರುವ ಉಪಸ್ವರಗಳಿವೆ. ಅವನ್ನು ಕೇಳಿಸಿಕೊಂಡ ಮಿದುಳು, ಇದರ ಮೂಲ 41 ಇರಬೇಕು ಎಂದು ತಾನೇ ಲೆಕ್ಕ ಹಾಕಿಬಿಡುತ್ತದೆ.

ನಂಬಿಕೆಯಾಗದಿದ್ದರೆ ಶಂಕರ್‌ನಾಗ್ ನಿರ್ದೇಶನದ ‘ಗೀತಾ’ ಚಿತ್ರದ ಹಾಡುಗಳನ್ನು ಮೊಬೈಲಿನ ಸ್ಪೀಕರಿನಲ್ಲೇ ಹಾಕಿ ಕೇಳಿ. ಇಳಯರಾಜಾ 1981ರಲ್ಲಿ ಹೊಸೆದ ಬೇಸ್ ಸಾಲುಗಳನ್ನು ಆ ಕಡಲೆಕಾಳಿನಷ್ಟು ಸ್ಪೀಕರಿನಲ್ಲೂ ಹಿಂಬಾಲಿಸಬಹುದು. ಅಷ್ಟು ಪುಟ್ಟ ಸ್ಪೀಕರಿಗೆ 41 ಹರ್ಟ್ಜ್ ಹೊರಡಿಸುವ ಶಕ್ತಿ ಎಲ್ಲಿಯದು? ಕೇಳಿಸುತ್ತಿರುವುದು ಬೇಸ್‌ನ ಮಧ್ಯಭಾಗ.

ಇತ್ತ ವೇದಿಕೆಯ ತಳಭಾಗದಲ್ಲಿ ಮೊದಲೇ ನೂಕುನುಗ್ಗಲು. ಡ್ರಮ್ಸಿನವನ ಕಾಲಿನ ಕಿಕ್ ಅಲ್ಲಿದೆ. ನಮ್ಮ ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರ ಎಡಗೈಗೆ ಬೇಸ್ ಬಾರಿಸುವ ಹಳೆಯ ಅಭ್ಯಾಸವಿದೆ; ಬೇಸ್ ವಾದಕ ಬಂದ ಮೇಲೂ ಆ ಕೈ ಸುಮ್ಮನಿರುವುದಿಲ್ಲ. ಜಾನಪದ ಬೆರೆಸುವ ಬ್ಯಾಂಡಾದರೆ ಡೊಳ್ಳು, ಇಲ್ಲವೇ ತಬಲಾದ ಎಡ. ಇಷ್ಟು ಜನ ಇರುವ ಕೆಳಮನೆಗೆ ಬೇಸ್ ಕೂಡ ಬರೀ ಗುಡುಗನ್ನೇ ಸುರಿದರೆ ಎಲ್ಲವೂ ಸೇರಿ ಕೆಸರಾಗುತ್ತದೆ. 200ರಿಂದ 800 ಹರ್ಟ್ಜ್‌ವರೆಗಿನ ಮಧ್ಯದಲ್ಲಿ ಒಂದಿಷ್ಟು ಧೈರ್ಯವಾಗಿ ಮಾತನಾಡುವ ಬೇಸ್ ಮಾತ್ರ ಇದು ಯಾವ ಸ್ವರ ಎಂದು ಗಾಯಕರಿಗೂ ಸಭೆಗೂ ಹೇಳಬಲ್ಲದು. ವಾದ್ಯ, ತಂತಿ, ಆಂಪ್, ಸ್ಪೀಕರ್ ಯಾವುದನ್ನು ಆರಿಸುವಾಗಲೂ ಈ ಒಂದು ಸಂಗತಿ ತಲೆಯಲ್ಲಿದ್ದರೆ ಅರ್ಧ ಗೊಂದಲ ತಾನೇ ಕರಗುತ್ತದೆ.

ಬೇಸ್ ಗಿಟಾರ್ ಹುಟ್ಟಿದ್ದೂ ಕೇಳಿಸದ ಸಮಸ್ಯೆಗೆ ಉತ್ತರವಾಗಿಯೇ. ಆಳೆತ್ತರದ ಡಬಲ್ ಬೇಸನ್ನು ಬಸ್ಸಿಗೋ ಕಾರಿಗೋ ತುರುಕಿ ಒಯ್ದರೂ, ತಾಳವಾದ್ಯ ಮತ್ತು ಕಹಳೆಗಳ ಮುಂದೆ ಅದರ ದನಿ ಮುಳುಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿಯಿಂದ ಶುರುಮಾಡಿದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ತಂದ. ಗಿಟಾರಿನಂತೆ ಹೆಗಲಿಗೆ ಹಾಕಿಕೊಳ್ಳಬಹುದು, ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ಲಾಗಿಸುವ ಪಿಕಪ್ ಇದೆ, ವೀಣೆಗೆ ಮೆಟ್ಟುಗಳಿರುವಂತೆ ಫ್ರೆಟ್‌ಗಳಿವೆ, ಬೆರಳಿಟ್ಟಲ್ಲಿ ಸ್ವರ ಸರಿಯಾಗಿ ನಿಲ್ಲುತ್ತದೆ. ಸೇತುವೆಯಿಂದ ತಲೆಯ ಕಡೆಯ ನಟ್‌ವರೆಗೆ ತಂತಿಯ ಉದ್ದ 34 ಇಂಚು. ಎಪ್ಪತ್ತು ವರ್ಷ ದಾಟಿದರೂ ಬಹುಪಾಲು ಬೇಸ್‌ಗಳು ಇವತ್ತಿಗೂ ಅದೇ ಅಳತೆಯವು. ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಎಂಬ ಆಂಪ್ ಬಂತು. ತಮಾಷೆಯೆಂದರೆ ಅದನ್ನು ಹೆಚ್ಚು ಹಚ್ಚಿಕೊಂಡವರು ಗಿಟಾರಿನವರು. ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ತನ್ನ ಮೊದಲ ಆಂಪ್ ಕಟ್ಟಿದ್ದು ಅದೇ ಬಾಸ್‌ಮನ್‌ನ ಸರ್ಕ್ಯೂಟ್ ನೋಡಿಕೊಂಡು.

ಇಂದಿಗೂ ಅಂಗಡಿಯಲ್ಲಿ ಸಿಗುವ ಬೇಸ್‌ಗಳು, ಬೆಲೆ ಯಾವುದೇ ಇರಲಿ, ಹೆಚ್ಚುಕಡಿಮೆ ಮೂರು ಮನೆತನದವು. ಮೊದಲನೆಯದು ಪ್ರಿಸಿಷನ್. 1957ರಿಂದ ಅದರ ಪಿಕಪ್ ಎರಡು ತುಂಡಾಗಿ ಹಿಂದೆಮುಂದೆ ಕೂತಿದೆ; ಆ ಜೋಡಣೆಯಿಂದಾಗಿ ಕರೆಂಟಿನ ಗುಂಯ್‌ಗುಡುವಿಕೆ ತಾನೇ ರದ್ದಾಗುತ್ತದೆ. ದನಿ ಒಂದೇ, ಮಧ್ಯದಲ್ಲಿ ಉಬ್ಬಿದ್ದು. ಎರಡೇ ಗುಂಡಿಗಳು, ಹಾಳುಮಾಡಲು ಹೆಚ್ಚು ಅವಕಾಶವಿಲ್ಲ. ಎರಡನೆಯದು 1960ರ ಜಾಝ್ ಬೇಸ್: ಎರಡು ಪಿಕಪ್, ತೆಳು ಕುತ್ತಿಗೆ, ಸಣ್ಣ ಕೈಗೆ ಅನುಕೂಲ. ಸೇತುವೆಯ ಹತ್ತಿರದ ಪಿಕಪ್ ಏರಿಸಿದರೆ ದನಿ ಚುರುಕಾಗಿ ಮುಂದಕ್ಕೆ ಬರುತ್ತದೆ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಕಿತ್ತ ಜಾಝ್ ಬೇಸಿನಿಂದ ಹಾಡಿಸಿದ್ದು ಆ ದನಿಯನ್ನೇ. ಆದರೆ ಎರಡೂ ಪಿಕಪ್‌ಗಳನ್ನು ಪೂರ್ತಿ ಏರಿಸಿಟ್ಟರೆ ಮಧ್ಯಭಾಗ ಕೊಂಚ ತಗ್ಗುತ್ತದೆ. ಕೋಣೆಯಲ್ಲಿ ಅದು ರೇಷ್ಮೆ, ಬ್ಯಾಂಡಿನಲ್ಲಿ ನಾಪತ್ತೆ. ಒಂದನ್ನು ಸ್ವಲ್ಪ ಇಳಿಸಿದರೆ ಸಾಕು, ವಾದ್ಯ ಮರಳಿ ಬರುತ್ತದೆ. ಅದರ ಜೊತೆಗೆ ಚೂರು ಗುಂಯ್ ಕೂಡ. ಮೂರನೆಯದು 1976ರ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ ಹಾದಿಯದು. ಮೈಯೊಳಗೆ 9 ವೋಲ್ಟಿನ ಬ್ಯಾಟರಿ, ಸಿಗ್ನಲ್ಲಿಗೆ ಬಲ ತುಂಬುವ ಪುಟ್ಟ ಪ್ರಿಆಂಪ್, ಗಡುಸು ಮತ್ತು ಹೊಳಪಿನ ದನಿ. ವೈರು ಚುಚ್ಚಿದ್ದಷ್ಟು ಹೊತ್ತೂ ಆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ ಎಂಬುದನ್ನು ಮರೆತರೆ ಕಾರ್ಯಕ್ರಮದ ನಡುವೆ ನೆನಪಾಗುತ್ತದೆ.

ಮೊದಲ ಬೇಸ್ ಯಾವುದು ಎಂದು ಕೇಳಿದರೆ ನಾನು ಪ್ರಿಸಿಷನ್ ಮಾದರಿ, ಅಥವಾ ಪ್ರಿಸಿಷನ್ ಪಿಕಪ್ ಜೊತೆಗೆ ಜಾಝ್ ಪಿಕಪ್ ಒಂದನ್ನು ಸೇರಿಸಿದ ಪಿ-ಜೆ ಮಾದರಿ ಎನ್ನುತ್ತೇನೆ. ಸ್ಕ್ವಯರ್, ಯಮಾಹಾ, ಐಬನೇಝ್, ಕಾರ್ಟ್ ಇವರೆಲ್ಲರ ಕಡಿಮೆ ಬೆಲೆಯ ವಾದ್ಯಗಳೂ ಇವತ್ತು ವೇದಿಕೆಗೆ ಯೋಗ್ಯವಾಗಿಯೇ ಇರುತ್ತವೆ. ಹೆಸರಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಸ್ಪೀಕರಿಗೆ ಉಳಿಸಿಟ್ಟುಕೊಳ್ಳುವುದು ಲೇಸು.

ಬ್ರಾಂಡಿಗಿಂತ ತಂತಿಗೆ ಹೆಚ್ಚು ಮಾತಿದೆ ಎಂಬುದನ್ನು ಹೊಸಬರು ನಂಬುವುದಿಲ್ಲ. ಒರಟು ಸುತ್ತಿನ ರೌಂಡ್‌ವೌಂಡ್ ತಂತಿ ಹೊಸದಿದ್ದಾಗ ಪಿಯಾನೋದಂತೆ ಝಣಗುಟ್ಟುತ್ತದೆ. ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ಬೆರಳಿಗೆ ನುಣುಪು, ದನಿಯಲ್ಲಿ ಹೊಳಪು ಕಡಿಮೆ, ‘ಧಂ’ ಎನ್ನುವ ಗಟ್ಟಿತನ ಹೆಚ್ಚು. ಅಮೆರಿಕದ ಮೋಟೌನ್ ರೆಕಾರ್ಡ್ ಸಂಸ್ಥೆಯ ಅಸಂಖ್ಯ ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಕೈಲಿದ್ದುದು 1962ರ ಒಂದು ಪ್ರಿಸಿಷನ್. ಅದಕ್ಕೆ ದಪ್ಪ ಫ್ಲಾಟ್‌ವೌಂಡ್ ತಂತಿ. ತುಂಡಾಗದ ಹೊರತು ಆತ ಅದನ್ನು ಬದಲಿಸುತ್ತಿರಲಿಲ್ಲ. ಹೆಚ್ಚಾಗಿ ಒಂದೇ ಬೆರಳಿನಲ್ಲಿ ಮೀಟುತ್ತಿದ್ದ. ಹಳೆಯ ಚಿತ್ರಗೀತೆಗಳು, ಗಜಲ್, ಭಾವಗೀತೆಗಳ ಜೊತೆ ಹೋಗುವವರಿಗೆ ಈ ದಾರಿ ಚೆನ್ನ. ಮೆಟಲ್, ರಾಕ್ ಬ್ಯಾಂಡಿನ ಡಿಸ್ಟಾರ್ಷನ್ ಹಾಕಿದ ಗಿಟಾರುಗಳ ನಡುವೆ ನಿಲ್ಲಬೇಕಾದವರು ರೌಂಡ್‌ವೌಂಡ್ ಬಿಟ್ಟು ಹೋಗುವಂತಿಲ್ಲ. ಹಳೆಯ ಬೇಸ್ ಬೇಸರವಾಗಿದೆ, ಹೊಸದು ಬೇಕು ಎನ್ನುವವರು ಮೊದಲು ತಂತಿ ಬದಲಿಸಿ ಹದಿನೈದು ದಿನ ನುಡಿಸಿ ನೋಡಲಿ.

ಐದು ತಂತಿ ಬೇಕೇ? ರಾಕ್ ಬ್ಯಾಂಡಿನ ಹುಡುಗರಿಗೆ ಇದು ಶೋಕಿಯ ಪ್ರಶ್ನೆ, ಆರ್ಕೆಸ್ಟ್ರಾದವರಿಗೆ ದುಡಿಮೆಯ ಪ್ರಶ್ನೆ. ಗಾಯಕಿ ಬಂದು ಇವತ್ತು ಗಂಟಲು ಸರಿಯಿಲ್ಲ, ಒಂದು ಮನೆ ಇಳಿಸಿ ಎಂದರೆ ‘ಇ’ಯಲ್ಲಿದ್ದ ಹಾಡು ‘ಡಿ’ಗೆ ಬರುತ್ತದೆ, ನಾಲ್ಕು ತಂತಿಯಲ್ಲಿ ಆ ಕೆಳಗಿನ ‘ಡಿ’ ಇಲ್ಲವೇ ಇಲ್ಲ, ಒಂದು ಸಪ್ತಕ ಮೇಲೇರಿ ನುಡಿಸಬೇಕು. ಐದನೆಯ ‘ಬಿ’ ತಂತಿ ಸುಮಾರು 31 ಹರ್ಟ್ಜ್‌ವರೆಗೆ ಇಳಿಯುವುದರಿಂದ ಯಾವ ಶ್ರುತಿಗೂ ಕೈ ಸರಿಸಿದರೆ ಆಯಿತು. ಆದರೆ ಅಗ್ಗದ ಐದು ತಂತಿ ಬೇಸ್‌ಗಳಲ್ಲಿ ಈ ತಂತಿಯೇ ದುರ್ಬಲ. ಬಿಗಿಯಿಲ್ಲದೆ ಜೋಲುತ್ತದೆ, ಸ್ವರ ಮಸುಕು. ಕೊಳ್ಳುವಾಗ ಮೊದಲು ಆ ತಂತಿಯನ್ನು, ಅದರಲ್ಲೂ ಐದನೇ ಫ್ರೆಟ್ಟಿನಿಂದ ಮೇಲೆ ನುಡಿಸಿ. ಪಕ್ಕದ ತಂತಿಯಷ್ಟೇ ಸ್ಪಷ್ಟವಾಗಿ ಕೇಳದಿದ್ದರೆ ನಾಲ್ಕು ತಂತಿಯದ್ದೇ ವಾಸಿ.

ಮೈಗೆ ಹೊಂದುವುದೂ ಮುಖ್ಯ. ನಾಲ್ಕು ಕಿಲೋ ಆಸುಪಾಸಿನ ಮರದ ತುಂಡನ್ನು ಮೂರು ಗಂಟೆ ಹೆಗಲ ಮೇಲೆ ಹೊರಬೇಕು. ಕೂತು ನೋಡಿದರೆ ಸಾಲದು, ಪಟ್ಟಿ ಹಾಕಿ ನಿಂತು ಎರಡೂ ಕೈ ಬಿಡಿ. ತಲೆಯ ಕಡೆ ನೆಲಕ್ಕೆ ವಾಲಿದರೆ ಎಡಗೈ ಸ್ವರ ಒತ್ತುವುದನ್ನು ಬಿಟ್ಟು ವಾದ್ಯವನ್ನು ಎತ್ತಿಹಿಡಿಯುವುದರಲ್ಲೇ ಸೋಲುತ್ತದೆ. ಕೈ ಚಿಕ್ಕದಿದ್ದರೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಹಿಡಿಯುವುದಕ್ಕೆ ನಾಚಿಕೆ ಬೇಡ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನಾಕಾರದ ಹಾಫ್ನರ್ ಆ ಅಳತೆಯದೇ. ಇನ್ನು ಕರಾವಳಿ, ಮಲೆನಾಡಿನವರಿಗೊಂದು ಮಾತು. ಜೂನ್ ಬಂದೊಡನೆ ಮರ ತೇವ ಕುಡಿದು ಕುತ್ತಿಗೆ ಬಾಗುತ್ತದೆ, ತಂತಿ ಫ್ರೆಟ್‌ಗಳಿಂದ ಮೇಲೇರುತ್ತದೆ. ಬೇಸಿಗೆಯಲ್ಲಿ ಬೆಣ್ಣೆಯಂತಿದ್ದ ವಾದ್ಯ ಆಷಾಢದಲ್ಲಿ ಬೆರಳು ಕೊಯ್ಯುತ್ತದೆ. ಒಳಗಿನ ಟ್ರಸ್ ರಾಡನ್ನು ಬಲ್ಲವರ ಕೈಲಿ ಕಾಲು ಸುತ್ತು ತಿರುಗಿಸಿದರೆ ಸರಿಹೋಗುವ ಕೆಲಸ ಇದು. ಎಷ್ಟೋ ಒಳ್ಳೆಯ ಬೇಸ್‌ಗಳು ಈ ಸಣ್ಣ ಸೇವೆ ಸಿಗದೆ ಅಟ್ಟ ಸೇರಿವೆ.

ಈಗ ಆಂಪ್. ಇಲ್ಲಿ ವ್ಯಾಟ್ ಎಂಬ ಒಂದೇ ಪದ ಹೇಳಿ ಮಾರುವುದು ವಾಡಿಕೆ. 100 ವ್ಯಾಟಿನ ಬದಲು 200 ಕೊಂಡರೆ ಸದ್ದು ದುಪ್ಪಟ್ಟಾಗುತ್ತದೆ ಎಂದು ತಿಳಿದವರೇ ಹೆಚ್ಚು. ಶಕ್ತಿ ದುಪ್ಪಟ್ಟಾದರೆ ಏರುವುದು ಮೂರೇ ಡೆಸಿಬೆಲ್, ಗಮನಿಸಿ ಕೇಳಿದರೆ ತಿಳಿಯುವಷ್ಟು. ಕಿವಿಗೆ ದುಪ್ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 200ಕ್ಕೂ 300ಕ್ಕೂ ನಡುವಿನ ಚೌಕಾಶಿಯಲ್ಲಿ ತಲೆಕೆಡಿಸಿಕೊಳ್ಳುವುದು ದಂಡ. ಸ್ಪೀಕರಿನ ಸಂವೇದನೆ, ಅಂದರೆ ಒಂದು ವ್ಯಾಟಿಗೆ ಅದು ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬ ಅಂಕಿ, ಮೂರು ಹೆಚ್ಚಿದ್ದರೆ ಅದು ಆಂಪಿನ ಶಕ್ತಿ ದುಪ್ಪಟ್ಟು ಮಾಡಿದ್ದಕ್ಕೆ ಸಮ. ಇನ್ನೊಂದು ಸ್ಪೀಕರ್ ಸೇರಿಸಿದರೂ ಅಂಥದೇ ಲಾಭ. ಗಾಳಿಯನ್ನು ತಳ್ಳುವುದು ಕಾಗದದ ಕೋನು ತಾನೇ. ಮನೆಯ ಅಭ್ಯಾಸಕ್ಕೆ 20–30 ವ್ಯಾಟ್ ಸಾಕು, ಹೆಡ್‌ಫೋನ್ ಕಿಂಡಿ ಇದ್ದರೆ ನೆರೆಹೊರೆಯ ಸ್ನೇಹವೂ ಉಳಿಯುತ್ತದೆ. ಕೋಲು ಹಿಡಿದು ಬಾರಿಸುವ ಡ್ರಮ್ಸ್ ಜೊತೆಗೆ ನಿಲ್ಲಬೇಕಾದರೆ 200–300 ವ್ಯಾಟ್, ಹತ್ತಿಂಚಿನ ಎರಡು ಅಥವಾ ಹದಿನೈದಿಂಚಿನ ಒಂದು ಸ್ಪೀಕರ್ ಎಂಬುದು ನನ್ನ ಅಂದಾಜು. ಗಿಟಾರಿನವನ ಆಂಪ್ ಬರೀ 30 ವ್ಯಾಟಿನದ್ದಲ್ಲವೇ ಎಂದು ಹೋಲಿಸಬೇಡಿ. ಕಿವಿ ಚುರುಕಾಗಿರುವ ಭಾಗದಲ್ಲಿ ಅವನ ಸಂಸಾರ. ಅವನ ಆಂಪಿಗೆ ಬೇಸ್ ಚುಚ್ಚಿ ಜೋರಾಗಿ ನುಡಿಸುವುದೂ ಬೇಡ, ಸ್ಪೀಕರ್ ಹರಿಯಬಹುದು.

ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಎಂಬ 300 ವ್ಯಾಟಿನ ವಾಲ್ವ್ ಆಂಪ್ ತಂದಾಗ ಅಂಥ ಶಕ್ತಿಯನ್ನು ಯಾರೂ ಕಂಡಿರಲಿಲ್ಲ. ರೋಲಿಂಗ್ ಸ್ಟೋನ್ಸ್ ಅದೇ ವರ್ಷದ ಪ್ರವಾಸಕ್ಕೆ ಅವನ್ನು ಹೊತ್ತೊಯ್ದರು. ಅದರ ಜೊತೆಗಾರ, ಹತ್ತಿಂಚಿನ ಎಂಟು ಸ್ಪೀಕರುಗಳ ಕಪಾಟಿನಂಥ ಪೆಟ್ಟಿಗೆ, ಈಗಲೂ ದೊಡ್ಡ ವೇದಿಕೆಗಳ ಹಿಂಬದಿಯಲ್ಲಿ ಕಾಣುತ್ತದೆ. ಇವತ್ತಿನ ಆವೃತ್ತಿಯ ತೂಕ ಸುಮಾರು 63 ಕಿಲೋ. ಇಷ್ಟು ದೊಡ್ಡದು ಪಾತಾಳದ ಸದ್ದನ್ನೇ ಕಾರಬೇಕು ಎಂದುಕೊಳ್ಳುತ್ತೇವೆ. ತಯಾರಕರ ಪಟ್ಟಿ ನೋಡಿದರೆ 58 ಹರ್ಟ್ಜ್‌ನಲ್ಲೇ ಅದರ ದನಿ ಮೂರು ಡೆಸಿಬೆಲ್ ಇಳಿದಿರುತ್ತದೆ, 40ಕ್ಕೆ ಬರುವಾಗ ಹತ್ತು. ಬೇಸ್ ಲೋಕದ ದಂತಕಥೆಯಾದ ಪೆಟ್ಟಿಗೆಯೇ ಅತಿ ಕೆಳಗಿನ ಸ್ವರದ ಮೂಲವನ್ನು ಅರೆಬರೆ ಕೊಡುತ್ತದೆ. ಅದರ ಕೀರ್ತಿಯೆಲ್ಲ ಮಧ್ಯದ ಗುದ್ದಿನಿಂದ ಬಂದದ್ದು. ಅದನ್ನು ಮಹಡಿ ಹತ್ತಿಸುವ ಯೋಗ ಇಂದಿನವರಿಗಿಲ್ಲ. ಈಗಿನ ಕ್ಲಾಸ್-ಡಿ ಆಂಪ್‌ಗಳು ಎರಡು ಮೂರು ಕಿಲೋ ತೂಗುತ್ತವೆ, ನಿಯೋಡಿಮಿಯಮ್ ಆಯಸ್ಕಾಂತದ ಸ್ಪೀಕರುಗಳನ್ನು ಒಂದು ಕೈಲಿ ಎತ್ತಬಹುದು. ಬೆನ್ನು ಇರುವವರೆಲ್ಲ ಅದಕ್ಕೆ ಕೃತಜ್ಞರಾಗಿರಬೇಕು.

ಹೆಡ್ಡು (ಸ್ಪೀಕರಿಲ್ಲದ ಆಂಪ್), ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬಿಡಿಬಿಡಿಯಾಗಿ ಕೊಳ್ಳುವವರು ಸ್ಪೀಕರಿನ ವಿದ್ಯುತ್ ತಡೆಯನ್ನು ಅಳೆಯುವ ಓಮ್ ಲೆಕ್ಕ ಕಲಿಯಲೇಬೇಕು. ‘500 ವ್ಯಾಟ್, 4 ಓಮ್’ ಎಂದು ಬರೆದ ಆಂಪಿಗೆ 8 ಓಮಿನ ಒಂದು ಪೆಟ್ಟಿಗೆ ಹಚ್ಚಿದರೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಅಂಥದೇ ಇನ್ನೊಂದನ್ನು ಪಕ್ಕಕ್ಕೆ ಸೇರಿಸಿದರೆ 4 ಓಮ್ ಆಗಿ ಪೂರ್ತಿ ಶಕ್ತಿ. ಮೂರನೆಯದನ್ನು ಸೇರಿಸಿದರೆ 3 ಓಮಿಗಿಂತ ಕೆಳಕ್ಕಿಳಿದು ಆಂಪ್ ವಿಪರೀತ ಬಿಸಿಯಾಗುತ್ತದೆ. ವಾಲ್ವ್ ಆಂಪನ್ನಂತೂ ಸ್ಪೀಕರ್ ಜೋಡಿಸದೆ ಚಾಲೂ ಮಾಡಬಾರದು. ಹೆಡ್ಡಿನಿಂದ ಪೆಟ್ಟಿಗೆಗೆ ಹೋಗುವುದು ದಪ್ಪ ಸ್ಪೀಕರ್ ವೈರೇ ಆಗಿರಲಿ. ಗಿಟಾರಿಗೆ ಚುಚ್ಚುವ ವೈರು ಮೇಲ್ನೋಟಕ್ಕೆ ಹಾಗೇ ಕಂಡರೂ ಆ ಹೊರೆ ತಾಳುವಂಥದಲ್ಲ.

ಎಲ್ಲಕ್ಕಿಂತ ಕಡಿಮೆ ಬೆಲೆಯ, ಎಲ್ಲಕ್ಕಿಂತ ಹೆಚ್ಚು ಉಪಯೋಗದ ಸಾಧನದ ಬಗ್ಗೆ ಅಂಗಡಿಯವರು ತಾವಾಗಿ ಹೇಳುವುದಿಲ್ಲ: ಡಿಐ ಬಾಕ್ಸ್. ಬೇಸ್‌ನ ದುರ್ಬಲ ಸಿಗ್ನಲ್ಲನ್ನು ಉದ್ದದ ಮೈಕ್ ವೈರಿನಲ್ಲಿ ಗದ್ದಲವಿಲ್ಲದೆ ಮಿಕ್ಸರಿಗೆ ತಲುಪಿಸುವ ಅಂಗೈಯಗಲದ ಡಬ್ಬಿ ಅದು. ಜೇಮರ್‌ಸನ್ ಸ್ಟುಡಿಯೋದಲ್ಲಿ ನುಡಿಸಿದ್ದು ಹೆಚ್ಚಾಗಿ ಹೀಗೆ ನೇರವಾಗಿ, ಆಂಪಿನ ಹಂಗಿಲ್ಲದೆ. ಗಣೇಶೋತ್ಸವದ ಪೆಂಡಾಲಿನಲ್ಲೋ ಕಾಲೇಜು ಹಬ್ಬದಲ್ಲೋ ಸಭೆಗೆ ಕೇಳಿಸುವುದು ಮೈಕ್‌ಸೆಟ್ಟಿನವರ ದೊಡ್ಡ ಸಬ್‌ವೂಫರುಗಳಿಂದ. ವೇದಿಕೆಯ ಮೇಲಿನ ನಿಮ್ಮ ಆಂಪ್ ಇರುವುದು ನಿಮಗೂ ಡ್ರಮ್ಸಿನವರಿಗೂ ಸ್ವರ ತಿಳಿಯಲಿಕ್ಕೆ ಮಾತ್ರ. ಅಲ್ಲಿ ಗುಡುಗು ಬೇಡವೇ ಬೇಡ. ಹೆಚ್ಚಿನ ಆಂಪ್‌ಗಳ ಹಿಂದೆಯೇ ಡಿಐ ಕಿಂಡಿ ಇರುತ್ತದೆ; ಅದರ ‘ಪ್ರಿ’ ಗುಂಡಿ ಒತ್ತಿದರೆ ನೀವು ಆಂಪಿನ ಗುಂಡಿಗಳನ್ನು ಹೇಗೆ ತಿರುವಿದರೂ ಮಿಕ್ಸರಿಗೆ ಹೋಗುವ ದನಿ ಬದಲಾಗುವುದಿಲ್ಲ. ಸೌಂಡಿನವರ ಜೊತೆ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ನಮ್ಮ ವೇದಿಕೆಗಳಿಗೆ ತಮ್ಮದೇ ಆದ ಕಾಟಗಳಿವೆ. ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ಸ್ಟೇಜು ತಾನೇ ಒಂದು ದೊಡ್ಡ ಡೋಲು. ಅದರ ಮೇಲೆ ಆಂಪ್ ಇಟ್ಟರೆ ಒಂದೆರಡು ಸ್ವರಗಳು ಮಾತ್ರ ಊದಿಕೊಂಡು ಗುಂಯ್‌ಗುಡುತ್ತವೆ. ಆಂಪನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸಿದರೆ ಹಲಗೆಯ ಸಂಗ ತಪ್ಪುತ್ತದೆ, ದನಿ ಮೊಣಕಾಲಿನ ಬದಲು ಕಿವಿಗೆ ಬರುತ್ತದೆ. ಇನ್ನು ಜನರೇಟರ್ ಕರೆಂಟು, ಅರ್ತಿಂಗ್ ಇಲ್ಲದ ಬೋರ್ಡು. ಗುಂಯ್ ಸದ್ದು ಬಂದರೆ ಪ್ಲಗ್ಗಿನ ದಪ್ಪ ಮೂರನೇ ಕಡ್ಡಿಯನ್ನು ಕಿತ್ತುಹಾಕುವ ಒಂದು ಪದ್ಧತಿ ನಮ್ಮಲ್ಲಿದೆ. ಖಂಡಿತ ಕೂಡದು. ತಂತಿ ಹಿಡಿದ ಕೈ ಆಂಪಿನ ಅರ್ತಿಗೆ ಸೇರಿರುತ್ತದೆ, ಎದುರಿನ ಮೈಕ್ ಇನ್ನೊಂದು ಲೈನಿಗೆ; ಎರಡರಲ್ಲಿ ಒಂದು ಕೆಟ್ಟಿದ್ದರೆ ತುಟಿ ಮೈಕಿಗೆ ತಗುಲಿದ ಕ್ಷಣ ಕರೆಂಟು ಮೈಯೊಳಗೆ ಹರಿಯುತ್ತದೆ. ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ಸ್ವಾನ್‌ಸಿಯ ವೇದಿಕೆಯ ಮೇಲೆ ಸತ್ತಿದ್ದು ಹೀಗೆಯೇ. ಗುಂಯ್ ನಿಲ್ಲಿಸಲು ಡಿಐ ಬಾಕ್ಸಿನಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಗುಂಡಿಯೇ ಇದೆ, ಅದನ್ನು ಒತ್ತಿ. ಒಂದು ಟೆಸ್ಟರ್ ಸದಾ ಬ್ಯಾಗಿನಲ್ಲಿರಲಿ.

ದುಡ್ಡು ಸೀಮಿತವಿದ್ದರೆ ನಾನು ಹೇಳುವ ಕ್ರಮ ಅಂಗಡಿಯವರಿಗೆ ಹಿಡಿಸಲಾರದು. ಸಾಧಾರಣ ಬೆಲೆಯ ಪಿ-ಜೆ ಬೇಸ್ ಒಂದು, ಬಲ್ಲವರ ಕೈಲಿ ಸೆಟಪ್, ಒಳ್ಳೆಯ ತಂತಿ, ಗಟ್ಟಿ ವೈರು, ಟ್ಯೂನರ್, ಒಂದು ಡಿಐ ಬಾಕ್ಸ್, ಮನೆಗೆ ಪುಟ್ಟ ಆಂಪ್. ದೊಡ್ಡ ಆಂಪನ್ನು ಮೊದಲ ವರ್ಷ ಕೊಳ್ಳಲೇಬೇಡಿ. ಬೆಂಗಳೂರಿನ ಜಾಮ್ ರೂಮ್‌ಗಳಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಬೇಸ್ ಆಂಪ್ ಸಮೇತ ಕೋಣೆ ಸಿಗುತ್ತದೆ. ಬೇರೆ ಬೇರೆ ಆಂಪ್‌ಗಳನ್ನು ನಿಮ್ಮದೇ ಬ್ಯಾಂಡಿನ ನಡುವೆ ಕೇಳಿ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಬೇಸ್ ಕೊಳ್ಳಲು ಹೋಗುವಾಗಲೂ ಗಿಟಾರಿನ ಗೆಳೆಯನನ್ನು ಕರೆದುಕೊಂಡು ಹೋಗಿ. ಆಂಪಿನ ಗುಂಡಿಗಳನ್ನೆಲ್ಲ ನೆಟ್ಟಗೆ ಮಧ್ಯಕ್ಕೆ ತಿರುಗಿಸಿ, ಅವನಿಗೆ ಜೋರಾಗಿ ಕಾರ್ಡ್ ಬಾರಿಸಲು ಹೇಳಿ, ನೀವು ಹತ್ತು ಹೆಜ್ಜೆ ದೂರದಲ್ಲಿ ನಿಂತು ಇನ್ನೊಬ್ಬರ ಕೈಲಿ ಬೇಸ್ ನುಡಿಸಿ ಕೇಳಿ. ಆ ಗಲಾಟೆಯಲ್ಲೂ ಸ್ವರ ಯಾವುದೆಂದು ಹೇಳಲು ನಿಮಗೆ ಸಾಧ್ಯವಾದರೆ ಬಿಲ್ ಹಾಕಿಸಿ. ಬಣ್ಣ ಇಷ್ಟವಾಗದಿದ್ದರೆ ಅದನ್ನು ಆಮೇಲೆ ನೋಡಿಕೊಳ್ಳಬಹುದು.